ಪೌರನೀತಿ ಗೊತ್ತಿದೆ, ಇಂಗ್ಲಿಷ್ ಬರುವುದಿಲ್ಲ: ಸಂಸದ ಶ್ರೀ ಥಾಣೇದಾರ್ ಅವರಿಗೆ ಬಹಿರಂಗ ಪತ್ರ

ಮಾನ್ಯ ಶ್ರೀ ಥಾಣೇದಾರ್ ಅವರಿಗೆ,

ನಮಸ್ಕಾರ. ಅಮೆರಿಕದ ಪೌರತ್ವಕ್ಕೆ ಅರ್ಜಿ ಹಾಕುವ ಕನ್ನಡದ ಹಿರಿಯರಿಗೆ ಪರೀಕ್ಷೆಯ ಪಾಠ ಹೇಳಿಕೊಡುವವರು ನಾವು. ನಿಮಗೇ ಬರೆಯುವುದಕ್ಕೆ ಎರಡು ಕಾರಣಗಳಿವೆ. ನೀವು ಬೆಳಗಾವಿಯಲ್ಲಿ ಬೆಳೆದು, 1988ರಲ್ಲಿ ಈ ದೇಶದ ಪೌರರಾದವರು. ವಲಸೆ ಅಧಿಕಾರಿಯ ಎದುರು ಕುಳಿತು ಉತ್ತರ ಹೇಳುವುದು ಎಂಥದ್ದೆಂದು ನಿಮಗೆ ನಾವು ವಿವರಿಸಬೇಕಿಲ್ಲ. ಎರಡನೆಯದು, ನಮ್ಮ ಮುಖ್ಯ ಕೋರಿಕೆಯನ್ನು ಪೌರತ್ವದ ಅರ್ಜಿಗಳನ್ನು ನೋಡಿಕೊಳ್ಳುವ ವಲಸೆ ಇಲಾಖೆ, ಅಂದರೆ ಯುಎಸ್‌ಸಿಐಎಸ್, ತಾನಾಗಿ ನಡೆಸಿಕೊಡಲಾರದು. 65 ದಾಟಿದವರಿಗೆ ಇಂಗ್ಲಿಷ್ ಪರೀಕ್ಷೆಯ ವಿನಾಯಿತಿ ಸಿಗಲು ಇಲ್ಲಿ ಎಷ್ಟು ವರ್ಷ ವಾಸವಿರಬೇಕು ಎಂಬ, ಕಾನೂನಿನಲ್ಲಿರುವ ಸಂಖ್ಯೆ ಬದಲಾಗಬೇಕು. ಅದು ಇಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ಕೈಯಲ್ಲಿದೆ.

ಮೊದಲು ಪರೀಕ್ಷೆ ಈಗ ಹೇಗಿದೆ ಎಂಬುದು. 2008ರ ಅಕ್ಟೋಬರ್ 1ರಿಂದ ಜಾರಿಯಲ್ಲಿದ್ದ ಪೌರನೀತಿ ಪರೀಕ್ಷೆಗೆ 100 ಪ್ರಶ್ನೆಗಳ ಪಟ್ಟಿ ಇತ್ತು. ಅಧಿಕಾರಿ 10 ಕೇಳುತ್ತಿದ್ದರು, 6 ಸರಿಯಾದರೆ ಪಾಸು. 2020ರ ಡಿಸೆಂಬರಿನಲ್ಲಿ ಪಟ್ಟಿ 128ಕ್ಕೆ ಏರಿತು. 20 ಪ್ರಶ್ನೆ, 12 ಸರಿ ಉತ್ತರ. ಕೆಲವೇ ತಿಂಗಳಲ್ಲಿ ಅದನ್ನು ಹಿಂತೆಗೆದುಕೊಂಡು ಹಳೆಯದಕ್ಕೇ ಮರಳಿದರು. ಈಗ 2025ರ ಅಕ್ಟೋಬರ್ 20 ಅಥವಾ ಅದರ ನಂತರ ಪೌರತ್ವಕ್ಕೆ ಎನ್-400 ಎಂಬ ಅರ್ಜಿ ಹಾಕಿದವರಿಗೆ 128 ಪ್ರಶ್ನೆಗಳ ಪಟ್ಟಿಯೇ ಮತ್ತೆ ಬಂದಿದೆ. 12 ಸರಿಯಾದ ಕೂಡಲೇ ಅಧಿಕಾರಿ ನಿಲ್ಲಿಸುತ್ತಾರೆ, 9 ತಪ್ಪಾದರೂ ನಿಲ್ಲಿಸುತ್ತಾರೆ. 2020ರಲ್ಲಿ ಪಾಸಾದ ಮೇಲೂ ಇಪ್ಪತ್ತನ್ನೂ ಕೇಳುವ ಪದ್ಧತಿ ಇತ್ತು. ಅದನ್ನು ಕೈಬಿಟ್ಟದ್ದು ಒಳ್ಳೆಯದಾಯಿತು.

ಪ್ರಶ್ನೆಗಳು ಹತ್ತರಿಂದ ಇಪ್ಪತ್ತಕ್ಕೆ ಏರಿದ್ದಕ್ಕೆ ನಮ್ಮ ತಕರಾರಿಲ್ಲ. ಲೆಕ್ಕ ಹಾಕಿ ನೋಡಿದರೆ ಅದು ಓದಿದವರಿಗೆ ಅನುಕೂಲವೇ. ಪಟ್ಟಿಯಲ್ಲಿ ನೂರಕ್ಕೆ 70ರಷ್ಟು ಗೊತ್ತಿರುವವರು ಹತ್ತರ ಪರೀಕ್ಷೆಯಲ್ಲಿ ಪಾಸಾಗುವ ಸಾಧ್ಯತೆ ಸುಮಾರು ಶೇ. 85, ಇಪ್ಪತ್ತರಲ್ಲಿ ಸುಮಾರು ಶೇ. 89. ಅರ್ಧ ಮಾತ್ರ ಗೊತ್ತಿರುವವರಿಗೆ ಅದು ಸುಮಾರು ಶೇ. 38ರಿಂದ 25ಕ್ಕೆ ಇಳಿಯುತ್ತದೆ. ಪ್ರಶ್ನೆ ಹೆಚ್ಚಾದಷ್ಟೂ ಅದೃಷ್ಟದ ಪಾಲು ಕಡಿಮೆಯಾಗುತ್ತದೆ, ಅಷ್ಟೆ.

ತೊಂದರೆ ಇರುವುದು ಪ್ರಶ್ನೆಯ ಜಾತಿ ಬದಲಾದದ್ದರಲ್ಲಿ. 2008ರ ಪಟ್ಟಿಯಲ್ಲಿ ಸರ್ಕಾರದ ಒಂದು ಅಂಗವನ್ನು ಹೆಸರಿಸಿದರೆ ಸಾಕಿತ್ತು. ಈಗ ಮೂರನ್ನೂ ಹೇಳಬೇಕು. ಮೂಲ 13 ರಾಜ್ಯಗಳಲ್ಲಿ ಮೂರು ಹೇಳಬೇಕಿತ್ತು, ಈಗ ಐದು. ಇವು ಬಾಯಿಪಾಠದಿಂದ ದಾಟಬಹುದಾದ ಹೊಳೆಗಳು. ಆದರೆ ಇನ್ನೊಂದನ್ನು ನೋಡಿ. ಮೊದಲು, ಸಂವಿಧಾನದ ಮೊದಲ ಮೂರು ಪದ ಯಾವುವು ಎಂದು ಕೇಳುತ್ತಿದ್ದರು. ಉತ್ತರ 'ವಿ ದ ಪೀಪಲ್' (ಜನರಾದ ನಾವು). ಈಗ ಆ ಮೂರು ಪದಗಳನ್ನು ಪ್ರಶ್ನೆಯಲ್ಲೇ ಕೊಟ್ಟು, ಅದರ ಅರ್ಥವೇನು ಎಂದು ಕೇಳುತ್ತಾರೆ. 'ಸೆಲ್ಫ್ ಗವರ್ನಮೆಂಟ್' (ಸ್ವಯಮಾಡಳಿತ), 'ಪಾಪ್ಯುಲರ್ ಸಾವರಿನಿಟಿ' (ಜನರ ಪರಮಾಧಿಕಾರ), 'ಕನ್ಸೆಂಟ್ ಆಫ್ ದ ಗವರ್ನ್ಡ್' (ಆಳಿಸಿಕೊಳ್ಳುವವರ ಸಮ್ಮತಿ) ಎಂಬಂಥ ಉತ್ತರಗಳು ಬರಬೇಕು. ಪ್ರಶ್ನೆ ಚೆನ್ನಾಗಿದೆ. ಇದನ್ನೇ ಕನ್ನಡದಲ್ಲಿ ಕೇಳಿದರೆ, ಹತ್ತಾರು ಚುನಾವಣೆಗಳಲ್ಲಿ ಓಟು ಹಾಕಿದ ನಮ್ಮ ಹಿರಿಯರು 'ಆಳುವವರಿಗೆ ಅಧಿಕಾರ ಕೊಟ್ಟವರು ಜನರೇ' ಎಂದು ತಡೆಯಿಲ್ಲದೆ ಹೇಳುತ್ತಾರೆ. 'ಭಾರತದ ಪ್ರಜೆಗಳಾದ ನಾವು' ಎಂದು ಶುರುವಾಗುವ ಸಂವಿಧಾನದಡಿ ಬಾಳಿದವರು ಅವರು. ಇಂಗ್ಲಿಷಿನಲ್ಲಿ ಕೇಳಿದಾಗ ಅದೇ ತಿಳಿವಳಿಕೆ ಗಂಟಲಲ್ಲೇ ನಿಲ್ಲುತ್ತದೆ.

ನಮ್ಮ ಹಿರಿಯರಿಗೆ ಸರ್ಕಾರ ಎಂದರೇನೆಂದು ಗೊತ್ತಿಲ್ಲ ಎಂದು ಯಾರೂ ತಿಳಿಯಬಾರದು. ಸೆನೆಟರಿನ ಅವಧಿ 6 ವರ್ಷ, ಎರಡು ವರ್ಷಕ್ಕೊಮ್ಮೆ ಮೂರನೇ ಒಂದರಷ್ಟು ಸ್ಥಾನಗಳಿಗೆ ಚುನಾವಣೆ ಎಂದರೆ 'ಓ, ನಮ್ಮ ರಾಜ್ಯಸಭೆಯ ಹಾಗೆ' ಎಂದು ತಕ್ಷಣ ಹಿಡಿಯುತ್ತಾರೆ. ಆಮೇಲೆ ಎರಡು ವ್ಯತ್ಯಾಸ ಹೇಳಿದರೆ ಸಾಕು. ರಾಜ್ಯಸಭೆಗೆ ಶಾಸಕರು ಆರಿಸುತ್ತಾರೆ. ಇಲ್ಲಿ 1913ರ 17ನೇ ತಿದ್ದುಪಡಿಯ ನಂತರ ಜನರೇ ಆರಿಸುತ್ತಾರೆ. ಕರ್ನಾಟಕಕ್ಕೆ ರಾಜ್ಯಸಭೆಯಲ್ಲಿ 12 ಸ್ಥಾನ, ಚಿಕ್ಕ ರಾಜ್ಯಗಳಿಗೆ ಅದಕ್ಕಿಂತ ಕಡಿಮೆ. ಇಲ್ಲಿ ದೊಡ್ಡದಿರಲಿ ಚಿಕ್ಕದಿರಲಿ, ರಾಜ್ಯಕ್ಕೆ ಇಬ್ಬರೇ.

ಎಡವುವುದು ಬೇರೆ ಕಡೆ. 'ಕಾಂಗ್ರೆಸ್' ಎಂದರೆ ಕನ್ನಡದ ಕಿವಿಗೆ ಅದೊಂದು ಪಕ್ಷ. ಒಕ್ಕೂಟದ ಕಾನೂನು ಮಾಡುವವರು ಯಾರು ಎಂಬುದಕ್ಕೆ 'ಕಾಂಗ್ರೆಸ್' ಉತ್ತರವೆಂದರೆ ಅವರಿಗೆ ಅದು ಪಕ್ಷಪಾತದ ಮಾತಿನಂತೆ ಕೇಳಿಸುತ್ತದೆ. ಗವರ್ನರ್ ಎಂದರೆ ದೆಹಲಿಯಿಂದ ನೇಮಕವಾಗಿ ಬರುವವರು ಎಂದು ಅವರ ಅನುಭವ. ಇಲ್ಲಿ ಗವರ್ನರ್ ಜನರಿಂದ ಆರಿಸಿಬಂದವರು, ನಮ್ಮ ಮುಖ್ಯಮಂತ್ರಿಯ ಕೆಲಸ ಮಾಡುವವರು. 'ಸೆಕ್ರೆಟರಿ' ಎಂದರೆ ಅವರಿಗೆ ಐಎಎಸ್ ಅಧಿಕಾರಿ, ಇಲ್ಲಿ ಸಂಪುಟದ ಸಚಿವ. 'ಸೆಕ್ರೆಟರಿ ಆಫ್ ಸ್ಟೇಟ್' ಅನ್ನು 'ರಾಜ್ಯ ಕಾರ್ಯದರ್ಶಿ' ಎಂದು ಅನುವಾದಿಸಿದರೆ ವಿದೇಶಾಂಗ ಸಚಿವರು ಕಚೇರಿಯ ಗುಮಾಸ್ತರಾಗಿಬಿಡುತ್ತಾರೆ. 'ಸುಪ್ರೀಮ್ ಲಾ ಆಫ್ ದ ಲ್ಯಾಂಡ್' ಎಂಬುದನ್ನು 'ಭೂಮಿಯ ಸರ್ವೋಚ್ಚ ಕಾನೂನು' ಎಂದರೆ ಉಳುವವನೇ ಒಡೆಯನ ಕಾಯಿದೆ ನೆನಪಾಗುತ್ತದೆಯೇ ಹೊರತು ಸಂವಿಧಾನವಲ್ಲ. 'ಅಮೆರಿಕನ್ ಇಂಡಿಯನ್' ಬುಡಕಟ್ಟೊಂದನ್ನು ಹೆಸರಿಸಿ ಎಂದರೆ, ಇಂಡಿಯನ್ ಎಂದರೆ ನಾವೇ ಅಲ್ಲವೇ ಎಂಬ ಗೊಂದಲ. ಹಳೆಯ ಪಟ್ಟಿಯ ಹಾಗೆ ಸ್ವಾತಂತ್ರ್ಯ ದಿನ ಯಾವಾಗ ಎಂದು ಕೇಳಿದರೆ ಬಾಯಿಗೆ ಮೊದಲು ಬರುವುದು ಆಗಸ್ಟ್ 15. ಇವೆಲ್ಲ ಅಜ್ಞಾನದ ತಪ್ಪುಗಳಲ್ಲ. ಒಂದು ಪ್ರಜಾಪ್ರಭುತ್ವವನ್ನು ಬಲ್ಲವರು ಇನ್ನೊಂದರ ಪದಗಳನ್ನು ತಮ್ಮದರ ಅರ್ಥದಲ್ಲಿ ಕೇಳಿಸಿಕೊಂಡಾಗ ಆಗುವ ತಪ್ಪುಗಳು.

ಉತ್ತರ ಬದಲಾಗುವ ಪ್ರಶ್ನೆಗಳು ಬೇರೆ ಇವೆ. ಮಿಷಿಗನ್ ರಾಜ್ಯದ ನಿಮ್ಮ 13ನೇ ಕ್ಷೇತ್ರದಲ್ಲಿ ಮನೆ ಇರುವವರಿಗೆ 'ನಿಮ್ಮ ಪ್ರತಿನಿಧಿ ಯಾರು' ಎಂದು ಕೇಳಿದರೆ ಸರಿ ಉತ್ತರ ನಿಮ್ಮ ಹೆಸರು. ಪಕ್ಕದ ಕ್ಷೇತ್ರಕ್ಕೆ ಮನೆ ಬದಲಿಸಿದ್ದರೆ ಅದೇ ಹೆಸರು ತಪ್ಪು ಉತ್ತರ. ಸಂದರ್ಶನದ ದಿನ ಅಧಿಕಾರದಲ್ಲಿರುವವರ ಹೆಸರನ್ನೇ ಹೇಳಬೇಕು. 2026ರ ನವೆಂಬರಿನಲ್ಲಿ ಮಿಷಿಗನ್ ಆರಿಸುವ ಹೊಸ ಗವರ್ನರ್ ಅಧಿಕಾರ ವಹಿಸಿಕೊಳ್ಳುವುದು 2027ರ ಜನವರಿ 1ರಂದು. ನಡುವಿನ ವಾರಗಳಲ್ಲಿ ಸಂದರ್ಶನವಿದ್ದವರು ಟಿವಿಯಲ್ಲಿ ಕಂಡ ಗೆದ್ದವರ ಹೆಸರು ಹೇಳಿದರೆ ಒಂದು ಅಂಕ ಹೋಯಿತು.

ಪೌರನೀತಿಯ ಜೊತೆಗೆ ಇಂಗ್ಲಿಷಿನ ಪರೀಕ್ಷೆಯೂ ಇದೆ. ಮೂರು ವಾಕ್ಯಗಳಲ್ಲಿ ಒಂದನ್ನು ಸರಿಯಾಗಿ ಓದಬೇಕು, ಮೂರರಲ್ಲಿ ಒಂದನ್ನು ಕೇಳಿ ಬರೆಯಬೇಕು. ಈ ಭಾಗದ ಮೌಲ್ಯಮಾಪನ ನ್ಯಾಯವಾಗಿದೆ ಎಂದೇ ನಮ್ಮ ಅಭಿಪ್ರಾಯ. ಅರ್ಥ ಕೆಡದಿದ್ದರೆ ಸಣ್ಣ ಕಾಗುಣಿತದ ತಪ್ಪಿಗೆ ಫೇಲು ಮಾಡುವುದಿಲ್ಲ, ಕನ್ನಡದವರು ಸದಾ ಬಿಟ್ಟುಬಿಡುವ 'ದ' ಬಿಟ್ಟುಹೋದರೂ ನಡೆಯುತ್ತದೆ. ಹೇಳಿದ ಪದವನ್ನು ಮೊಟಕು ಮಾಡಿ ಬರೆದರೆ ಮಾತ್ರ ನಡೆಯದು. ಓದು ಬರಹಕ್ಕೆ ಬಳಸುವ ಪದಗಳ ಪಟ್ಟಿ ಚಿಕ್ಕದು. ದಿನಕ್ಕೆ ಹತ್ತು ಪದ ಕೈಯಲ್ಲಿ ಬರೆದರೆ ಎರಡು ತಿಂಗಳೊಳಗೆ ಹಿಡಿತಕ್ಕೆ ಬರುತ್ತದೆ.

ನಿಜವಾದ ಸೋಲು ಆಗುವುದು ಮಾತಿನಲ್ಲಿ. ಮಾತಿನ ಪರೀಕ್ಷೆಗೆ ಬೇರೆ ಪ್ರಶ್ನೆಪತ್ರಿಕೆ ಇಲ್ಲ. ಎನ್-400 ಅರ್ಜಿಯಲ್ಲಿರುವ 'ಹ್ಯಾವ್ ಯು ಎವರ್' (ನೀವು ಎಂದಾದರೂ) ಎಂದು ಶುರುವಾಗುವ ಉದ್ದನೆಯ ಕಾನೂನು ವಾಕ್ಯಗಳೇ ಪ್ರಶ್ನೆಗಳು. 'ಇಲ್ಲ' ಎಂದು ಉತ್ತರಿಸಿದರೆ, ಆ ಪದದ ಅರ್ಥವೇನು ಹೇಳಿ ಎಂದು ಅಧಿಕಾರಿ ಕೇಳಬಹುದು. 'ಜೆನೊಸೈಡ್' (ಜನಾಂಗ ಹತ್ಯೆ), 'ಅಲೀಜಿಯನ್ಸ್' (ನಿಷ್ಠೆ) ಎಂಬ ಪದಗಳನ್ನು 70ರ ಹತ್ತಿರದ ಅಜ್ಜಿಯೊಬ್ಬರು ಇಂಗ್ಲಿಷಿನಲ್ಲೇ ವಿವರಿಸಬೇಕಾಗುತ್ತದೆ. 128 ಪ್ರಶ್ನೆಗಳನ್ನೂ ಅರಗಿಸಿಕೊಂಡವರು ಸೋಲುವುದು ಇಲ್ಲಿ.

ಇದಕ್ಕೆ ಕಾನೂನಿನಲ್ಲಿ ರಿಯಾಯಿತಿ ಇದೆಯಲ್ಲ ಎಂದು ಕೇಳಬಹುದು. ಇದೆ. ಗ್ರೀನ್ ಕಾರ್ಡ್ (ಕಾಯಂ ವಾಸದ ಪರವಾನಗಿ) ಪಡೆದು 20 ವರ್ಷ ಕಳೆದ 50 ದಾಟಿದವರಿಗೆ, 15 ವರ್ಷ ಕಳೆದ 55 ದಾಟಿದವರಿಗೆ ಇಂಗ್ಲಿಷ್ ಪರೀಕ್ಷೆ ಇಲ್ಲ. ದುಭಾಷಿಯನ್ನು ಕರೆತಂದು ಪೌರನೀತಿಯನ್ನು ತಮ್ಮ ಭಾಷೆಯಲ್ಲಿ ಹೇಳಬಹುದು. 65 ದಾಟಿ 20 ವರ್ಷ ಕಳೆದವರಿಗೆ ಪಟ್ಟಿಯೇ 20 ಪ್ರಶ್ನೆಗಳದ್ದು; 10 ಕೇಳಿ 6 ಸರಿಯಾದರೆ ಸಾಕು. ಆದರೆ ಕರ್ನಾಟಕದ ಹಿರಿಯರು ಇಲ್ಲಿಗೆ ಬರುವುದು ಹೇಗೆ? ಮಗನೋ ಮಗಳೋ ಪೌರರಾದ ಮೇಲೆ, ತಾವು ನಿವೃತ್ತರಾದ ಮೇಲೆ. 62ಕ್ಕೆ ಗ್ರೀನ್ ಕಾರ್ಡ್ ಪಡೆದ ತಾಯಿ ಐದು ವರ್ಷ ಕಳೆದು 67ಕ್ಕೆ ಅರ್ಜಿಗೆ ಅರ್ಹರು. ಇಂಗ್ಲಿಷಿನ ರಿಯಾಯಿತಿ ಅವರಿಗೆ ಸಿಗುವುದು 77ಕ್ಕೆ. ಇಪ್ಪತ್ತು ಪ್ರಶ್ನೆಯ ಚಿಕ್ಕ ಪಟ್ಟಿ ಸಿಗುವುದು 82ಕ್ಕೆ! ಯಾರ ಹಿತಕ್ಕೆಂದು ರಿಯಾಯಿತಿ ಇದೆಯೋ ಆ ಇಳಿವಯಸ್ಸೇ ಇಲ್ಲಿ ಲೆಕ್ಕಕ್ಕೆ ಬರುತ್ತಿಲ್ಲ.

ವೈದ್ಯರಿಂದ ಎನ್-648 ಎಂಬ ಫಾರ್ಮ್ ತುಂಬಿಸಿ ವಿನಾಯಿತಿ ಕೇಳುವ ದಾರಿಯೂ ಒಂದಿದೆ. ಅದು ಕಾಯಿಲೆ ಅಥವಾ ಅಂಗವೈಕಲ್ಯದಿಂದ ಕಲಿಯಲಾರದವರಿಗೆ. ಬರೀ ವಯಸ್ಸಾಗಿದೆ, ಓದು ಬಾರದು ಎಂಬುದು ಅಲ್ಲಿ ಕಾರಣವಾಗುವುದಿಲ್ಲ. ಆರೋಗ್ಯವಾಗಿರುವ ಹಿರಿಯರನ್ನು ಈ ಫಾರ್ಮಿನತ್ತ ತಳ್ಳುವುದು ತಪ್ಪು. ಕೆಲವು ಮನೆಗಳಲ್ಲಿ ಮಕ್ಕಳು ಇದನ್ನೇ ಸುಲಭದ ದಾರಿ ಎಂದುಕೊಳ್ಳುತ್ತಾರೆ, ಹಾಗೆ ಮಾಡಬೇಡಿ ಎಂದು ನಾವು ಹೇಳುತ್ತಲೇ ಇರುತ್ತೇವೆ.

ಪೌರತ್ವವೇ ಏಕೆ ಬೇಕು, ಗ್ರೀನ್ ಕಾರ್ಡ್ ಸಾಲದೇ ಎಂದರೆ, ಊರಿನ ಸಲುವಾಗಿ. ಆರು ತಿಂಗಳು ಮೀರಿ ಊರಲ್ಲಿ ಉಳಿದರೆ ನಿರಂತರ ವಾಸ ತುಂಡಾಯಿತೆಂಬ ಪ್ರಶ್ನೆ ಏಳುತ್ತದೆ. ಒಂದು ವರ್ಷವಾದರೆ ಕಾರ್ಡಿಗೇ ಕುತ್ತು. ಬಾಣಂತನ, ತಿಥಿ, ಹೊಲಮನೆಯ ವ್ಯವಹಾರ ಎಂದು ಹೋದವರು ದಿನ ಎಣಿಸುತ್ತಾ ಕೂರಬೇಕು. ಪೌರರಾದರೆ ಭಾರತದ ಪಾಸ್‌ಪೋರ್ಟನ್ನೂ ಅಲ್ಲಿನ ಓಟನ್ನೂ ಬಿಟ್ಟುಕೊಡಬೇಕು. ಅಷ್ಟು ದೊಡ್ಡ ತ್ಯಾಗಕ್ಕೆ ಸಿದ್ಧರಾಗಿ ಬಂದವರನ್ನು ಭಾಷೆಯ ಮೇಲೆ ಹಿಂದಕ್ಕೆ ಕಳಿಸುತ್ತಿದ್ದೇವೆ.

ಇಲ್ಲೇ ಹುಟ್ಟಿದವರ ಕಡೆಗೂ ಒಮ್ಮೆ ನೋಡಿ. 2022ರ ರಾಷ್ಟ್ರೀಯ ಮೌಲ್ಯಮಾಪನದಲ್ಲಿ ಪೌರನೀತಿಯಲ್ಲಿ ನಿರೀಕ್ಷಿತ ಪ್ರಾವೀಣ್ಯ ಮುಟ್ಟಿದ ಎಂಟನೇ ತರಗತಿಯ ಮಕ್ಕಳು ಶೇ. 22, ಅಮೆರಿಕದ ಇತಿಹಾಸದಲ್ಲಿ ಶೇ. 13. ಮಕ್ಕಳಿಗೂ ಈ ತಿಳಿವಳಿಕೆ ಬೇಕೆಂದು ಅರಿಜೋನಾ 2015ರಲ್ಲಿ ಎಲ್ಲ ರಾಜ್ಯಗಳಿಗಿಂತ ಮೊದಲು, ಪೌರತ್ವ ಪರೀಕ್ಷೆಯ ಆ ನೂರು ಪ್ರಶ್ನೆಗಳಲ್ಲಿ 60 ಸರಿಯಾದರೆ ಮಾತ್ರ ಹೈಸ್ಕೂಲು ಪದವಿ ಎಂದು ಕಾನೂನು ಮಾಡಿತು. ಒಳ್ಳೆಯ ಕಾನೂನು. ಅಲ್ಲಿನ ವಿದ್ಯಾರ್ಥಿ ಪಾಸಾಗುವವರೆಗೂ ಮತ್ತೆ ಮತ್ತೆ ಬರೆಯಬಹುದು. ನಮ್ಮ 67ರ ತಾಯಿಗೆ ಸಿಗುವುದು ಎರಡೇ ಅವಕಾಶ: ಮೊದಲ ಸಂದರ್ಶನ, ಮತ್ತು 60ರಿಂದ 90 ದಿನಗಳೊಳಗೆ ಸೋತ ಭಾಗದ ಮರುಪರೀಕ್ಷೆ. ಅದೂ ಸೋತರೆ ಅರ್ಜಿ ತಿರಸ್ಕಾರ. ಮತ್ತೆ ಹೊಸ ಅರ್ಜಿ, ಮತ್ತೆ ಶುಲ್ಕ: ಆನ್‌ಲೈನಿನಲ್ಲಿ 710 ಡಾಲರ್, ಕಾಗದದಲ್ಲಾದರೆ 760.

ನಾವು ಕೇಳುವುದು ಇಷ್ಟು. ವಲಸೆ ಮತ್ತು ರಾಷ್ಟ್ರೀಯತೆ ಕಾಯಿದೆಯ 312ನೇ ಕಲಮಿಗೆ ತಿದ್ದುಪಡಿ ತನ್ನಿ. 65 ದಾಟಿ ಕಾಯಂ ನಿವಾಸಿಯಾಗಿ ಐದು ವರ್ಷ ಪೂರೈಸಿದವರಿಗೆ ಇಂಗ್ಲಿಷಿನ ವಿನಾಯಿತಿಯೂ, ಇಪ್ಪತ್ತು ಪ್ರಶ್ನೆಗಳ ಪಟ್ಟಿಯೂ ಸಿಗಲಿ. ಉಳಿದವರಿಗೆ ಇಂಗ್ಲಿಷ್ ಇರಲಿ. ದುಡಿಯುವ ವಯಸ್ಸಿನವರಿಗೆ ಅದು ಬೇಕೇ ಬೇಕು ಎಂದು ನಾವೂ ನಂಬುತ್ತೇವೆ. ಈ ಗೆರೆಯನ್ನು ಕಾಂಗ್ರೆಸ್ ಮುಟ್ಟಿದ್ದು ಹೊಸದೇನಲ್ಲ. 50 ಮತ್ತು 20ರ ನಿಯಮ ಎಲ್ಲರಿಗೂ ತೆರೆದದ್ದು 1978ರಲ್ಲಿ. 55 ಮತ್ತು 15ರದು ಸೇರಿದ್ದು 1990ರಲ್ಲಿ. 65 ಮತ್ತು 20ರದು 1994ರಲ್ಲಿ. ಮಸೂದೆ ಹೋಗಬೇಕಾದದ್ದು ಸದನದ ನ್ಯಾಯಾಂಗ ಸಮಿತಿಗೆ; ಎರಡೂ ಪಕ್ಷಗಳ ಸದಸ್ಯರ ಕ್ಷೇತ್ರಗಳಲ್ಲಿ ಇಂಥ ತಂದೆತಾಯಂದಿರಿದ್ದಾರೆ, ಕನ್ನಡದವರಷ್ಟೇ ಅಲ್ಲ.

ಮಸೂದೆಗೆ ಕಾಲ ಹಿಡಿಯುತ್ತದೆ. ಅಲ್ಲಿಯವರೆಗೆ ಒಂದು ಪತ್ರದಿಂದ ಆಗಬಹುದಾದ ಕೆಲಸವೂ ಇದೆ. 128 ಪ್ರಶ್ನೆ ಮತ್ತು ಉತ್ತರಗಳನ್ನು, ಚಿಕ್ಕ ಪಟ್ಟಿಯ ಇಪ್ಪತ್ತಕ್ಕೆ ಗುರುತು ಹಾಕಿ, ಸ್ಪ್ಯಾನಿಷ್‌ನಲ್ಲಿ ಕೊಟ್ಟಂತೆ ಕನ್ನಡದಲ್ಲೂ ಅಧಿಕೃತವಾಗಿ ಪ್ರಕಟಿಸುವಂತೆ ಯುಎಸ್‌ಸಿಐಎಸ್‌ಗೆ ಬರೆಯಿರಿ. ಹಾಗಾದರೆ ದುಭಾಷಿ ಬಳಸುವ ಪದ ಒಂದೇ ಆಗುತ್ತದೆ. 'ರಾಜ್ಯ ಕಾರ್ಯದರ್ಶಿ', 'ಭೂಮಿಯ ಕಾನೂನು' ಎಂಬ ತಪ್ಪುಗಳು ಸಂದರ್ಶನದ ಕೋಣೆಯವರೆಗೆ ಹೋಗುವುದಿಲ್ಲ. ಕರಡು ಅನುವಾದ ಮಾಡಿಕೊಡಲು, ಅದನ್ನು ಸಾಲು ಸಾಲಾಗಿ ಪರಿಶೀಲಿಸಲು ನಾವು ಸಿದ್ಧರಿದ್ದೇವೆ. ನಿಮ್ಮ ಡೆಟ್ರಾಯ್ಟ್ ಕಚೇರಿಯ ಸಿಬ್ಬಂದಿ ಕೇಳಿದ ದಿನ ಮೊದಲ ಇಪ್ಪತ್ತು ಪ್ರಶ್ನೆಗಳ ಕನ್ನಡ ಪ್ರತಿಯನ್ನು ತಲುಪಿಸುತ್ತೇವೆ.

ಗೌರವಪೂರ್ವಕ ವಂದನೆಗಳೊಂದಿಗೆ,

ಕನ್ನಡದ ಹಿರಿಯರಿಗೆ ಪೌರತ್ವ ಪರೀಕ್ಷೆಯ ಪಾಠ ಹೇಳುವ ಸ್ವಯಂಸೇವಕರು