ಸಂದರ್ಶನಕ್ಕೆ ಕರೆದವರು ಉತ್ತರವನ್ನೂ ಕೊಡಲಿ

ಮಾನ್ಯ ಸಂಪಾದಕರೇ,

ಖಾಸಗಿ ಕಂಪನಿಗಳು ಸಂದರ್ಶನಕ್ಕೆ ಕರೆದವರನ್ನು ನಡೆಸಿಕೊಳ್ಳುವ ರೀತಿಯ ಬಗ್ಗೆ ನನ್ನ ಅನುಭವವನ್ನು ತಮ್ಮ ಪತ್ರಿಕೆಯ ಮೂಲಕ ಹೇಳಬಯಸುತ್ತೇನೆ. ನಾನು ಬಿ.ಕಾಂ. ಮುಗಿಸಿ ದಾವಣಗೆರೆಯ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ನಾಲ್ಕು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಬೆಂಗಳೂರಿನ ಪೀಣ್ಯದ ಕಂಪನಿಯೊಂದಕ್ಕೆ ಲೆಕ್ಕಪತ್ರ ವಿಭಾಗದಲ್ಲಿ ಸಹಾಯಕರು ಬೇಕಾಗಿದ್ದಾರೆಂದು ತಿಳಿದು ಅರ್ಜಿ ಹಾಕಿದ್ದೆ.

ಮೊದಲ ಸಲ ಬೆಳಿಗ್ಗೆ ಹತ್ತಕ್ಕೆ ಬರಹೇಳಿದ್ದರು. ರಾತ್ರಿ ಬಸ್ಸಿಗೆ ಹೊರಟು ನಸುಕಿನಲ್ಲಿ ಜಾಲಹಳ್ಳಿ ಕ್ರಾಸಿನಲ್ಲಿ ಇಳಿದ ಅಪ್ಪ ಮತ್ತು ನಾನು ಒಂಬತ್ತೂವರೆಗೇ ಗೇಟಿನ ಮುಂದಿದ್ದೆವು. ಸೆಕ್ಯುರಿಟಿಯವರು ಪುಸ್ತಕದಲ್ಲಿ ಹೆಸರು ಬರೆಸಿಕೊಂಡು ನನ್ನನ್ನಷ್ಟೇ ಒಳಗೆ ಬಿಟ್ಟರು. ನನ್ನ ಸರದಿ ಬಂದದ್ದು ಮಧ್ಯಾಹ್ನ ಮೂರೂವರೆಗೆ. ಅಲ್ಲಿಯವರೆಗೂ ಅಪ್ಪ ಎದುರಿನ ಚಹಾ ಅಂಗಡಿಯ ಕಲ್ಲಿನ ಮೇಲೆ ಕುಳಿತಿದ್ದರು. ಹತ್ತು ನಿಮಿಷದ ಸಂದರ್ಶನದಲ್ಲಿ ಅರ್ಧ ಹೊತ್ತು ನನ್ನ ಮದುವೆ ಯಾವಾಗ ಎಂಬ ವಿಚಾರಣೆಗೇ ಹೋಯಿತು.

ಎರಡನೆಯ ಸಲ ಹೋದಾಗ ‘ಟೆಸ್ಟ್’ ಎಂದು ಒಂದು ತಿಂಗಳ ಖರೀದಿ ಪುಸ್ತಕವನ್ನು ಕೊಟ್ಟು, ಅದನ್ನು ಜಿಎಸ್‌ಟಿಆರ್-2ಬಿ (ಪೂರೈಕೆದಾರರು ಸಲ್ಲಿಸಿದ ವಿವರಗಳಿಂದ ಜಿಎಸ್‌ಟಿ ಪೋರ್ಟಲ್‌ನಲ್ಲಿ ಸಿದ್ಧವಾಗುವ ಖರೀದಿ ಪಟ್ಟಿ) ಜೊತೆ ತಾಳೆ ನೋಡಿ ಕಳಿಸಲು ಹೇಳಿದರು. ಮನೆಯಲ್ಲಿ ಎರಡು ರಾತ್ರಿ ಕೂತು ಮುಗಿಸಿದೆ. ಪೂರೈಕೆದಾರರ ಹೆಸರು, ಜಿಎಸ್‌ಟಿ ಸಂಖ್ಯೆ ಎಲ್ಲವೂ ಹಾಗೇ ಇದ್ದುದರಿಂದ ಅದು ಪರೀಕ್ಷೆಗೆಂದು ತಯಾರಿಸಿದ ಲೆಕ್ಕವಲ್ಲ, ಆ ಕಂಪನಿಯದೇ ಬಾಕಿ ಕೆಲಸ ಎಂದು ನನಗೆ ಅನ್ನಿಸಿತು. ಮೂರನೆಯ ಸಲ ನನ್ನ ಮೂರು ತಿಂಗಳ ಸಂಬಳದ ಚೀಟಿ ಕೇಳಿ ಪಡೆದರಾದರೂ ತಾವು ಕೊಡುವ ಸಂಬಳವೆಷ್ಟೆಂದು ಹೇಳಲಿಲ್ಲ. ವಾರದೊಳಗೆ ತಿಳಿಸುತ್ತೇವೆ ಎಂದರು. ಎರಡೂವರೆ ತಿಂಗಳಾಯಿತು, ಕಳಿಸಿದ ಇಮೇಲ್‌ಗಳಿಗೆ ಉತ್ತರವಿಲ್ಲ, ಫೋನ್ ಮಾಡಿದರೆ ‘ಇನ್ನೂ ಪ್ರೊಸೆಸ್‌ನಲ್ಲಿದೆ’ ಎನ್ನುತ್ತಾರೆ. ಈ ನಡುವೆ ನಮ್ಮೂರಿನ ಸಗಟು ಬಟ್ಟೆ ವ್ಯಾಪಾರಿಯೊಬ್ಬರು ಈಗಿನದಕ್ಕಿಂತ ಹೆಚ್ಚಿನ ಸಂಬಳಕ್ಕೆ ಕರೆದಿದ್ದರು. ಬೆಂಗಳೂರಿನ ಉತ್ತರಕ್ಕೆ ಕಾದು ಅವರಲ್ಲಿ ಎರಡು ವಾರ ಸಮಯ ಕೇಳಿಕೊಂಡೆ. ಅಷ್ಟರಲ್ಲಿ ಆ ಕೆಲಸ ಬೇರೆಯವರ ಪಾಲಾಯಿತು.

ನನ್ನನ್ನು ಆಯ್ಕೆ ಮಾಡಲಿಲ್ಲ ಎಂಬುದು ನನ್ನ ದೂರಲ್ಲ. ನನಗಿಂತ ಅನುಭವವುಳ್ಳವರು ಅಲ್ಲಿಗೆ ಬಂದಿರಬಹುದು. ನೂರಾರು ಅರ್ಜಿಗಳು ಬರುವ ಕಡೆ ಪ್ರತಿಯೊಂದಕ್ಕೂ ಉತ್ತರಿಸುವುದು ಕಷ್ಟವೆಂಬುದನ್ನೂ ಒಪ್ಪುತ್ತೇನೆ. ಆದರೆ ತಾವೇ ಕರೆಸಿ, ದಿನಗಟ್ಟಲೆ ಕೂರಿಸಿ, ಕೆಲಸ ಮಾಡಿಸಿಕೊಂಡ ಕೆಲವೇ ಮಂದಿಗೆ ‘ಆಯ್ಕೆಯಾಗಿಲ್ಲ’ ಎಂದು ಒಂದು ಸಾಲು ಬರೆಯಲು ಎಷ್ಟು ಹೊತ್ತು ಬೇಕು?

25 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಗಳು ಖಾಲಿ ಹುದ್ದೆಗಳನ್ನು ಉದ್ಯೋಗ ವಿನಿಮಯ ಕೇಂದ್ರಕ್ಕೆ ತಿಳಿಸಬೇಕೆಂದು 1959ರಲ್ಲೇ ಕಾಯ್ದೆ ಮಾಡಿದ ದೇಶ ನಮ್ಮದು. ಹುದ್ದೆ ಖಾಲಿ ಇರುವುದನ್ನು ಸರ್ಕಾರಕ್ಕೆ ತಿಳಿಸಬೇಕಾದವರು, ಅದಕ್ಕಾಗಿ ಮೂರು ಸಲ ಬಂದುಹೋದವರಿಗೆ ಫಲಿತಾಂಶ ತಿಳಿಸುವುದೂ ಕಡ್ಡಾಯವಾಗಬೇಡವೇ? ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 2026ರ ಜನವರಿ 1ರಿಂದ ಇಂಥ ನಿಯಮ ಜಾರಿಗೆ ಬಂದಿದೆ. ಅಲ್ಲಿಯೂ 25 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು, ಸಾರ್ವಜನಿಕವಾಗಿ ಪ್ರಕಟಿಸಿದ ಹುದ್ದೆಗೆ ಸಂದರ್ಶಿಸಿದವರಿಗೆ, ಕೊನೆಯ ಸಂದರ್ಶನದಿಂದ 45 ದಿನಗಳೊಳಗೆ ಆಯ್ಕೆಯ ತೀರ್ಮಾನ ಆಗಿದೆಯೇ ಇಲ್ಲವೇ ಎಂಬುದನ್ನು ತಿಳಿಸಬೇಕು. ಜಾಹೀರಾತಿನಲ್ಲೇ ಸಂಬಳವನ್ನೂ ನಮೂದಿಸಬೇಕು.

ನಮ್ಮ ರಾಜ್ಯದ ಕಾರ್ಮಿಕ ಇಲಾಖೆಯೂ ಇಂಥದೊಂದು ನಿಯಮವನ್ನು ತರಬೇಕು. ಎಷ್ಟು ಸುತ್ತಿನ ಸಂದರ್ಶನ, ಸಂಬಳ ಎಷ್ಟು ಎಂಬುದನ್ನು ಮೊದಲೇ ತಿಳಿಸಿದರೆ, ರಜೆ ಹಾಕಿ ರಾತ್ರಿ ಬಸ್ಸು ಹತ್ತುವ ಮುನ್ನ ಹೋಗಬೇಕೋ ಬೇಡವೋ ಎಂದು ದೂರದ ಊರಿನವರು ತೀರ್ಮಾನಿಸಿಕೊಳ್ಳಬಹುದು.

— ನೊಂದ ಅಭ್ಯರ್ಥಿ, ದಾವಣಗೆರೆ