ಪಿತ್ತಕೋಶದ ಪಾಲಿಪ್: ವರದಿಯಲ್ಲಿ ಅಳತೆ ಇರಲಿ

ಮಾನ್ಯ ಸಂಪಾದಕರೇ,

ಹೊಟ್ಟೆಯ ಸ್ಕ್ಯಾನಿಂಗ್ ವರದಿಯಲ್ಲಿ ಪಿತ್ತಕೋಶದ ಪಾಲಿಪ್ (ಒಳಗೋಡೆಯಿಂದ ಚಾಚಿಕೊಂಡ ಸಣ್ಣ ಗಂಟು) ಎಂದು ಕಂಡೊಡನೆ ಕ್ಯಾನ್ಸರ್ ಎಂದು ಗಾಬರಿಗೊಂಡು ಮಂಗಳೂರಿಗೆ ಧಾವಿಸುವವರೂ, ನೋವಿಲ್ಲವಲ್ಲ ಎಂದು ವರದಿಯನ್ನು ಕಪಾಟಿಗೆ ಸೇರಿಸಿ ಮರೆತುಬಿಡುವವರೂ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಧಾರಾಳವಾಗಿದ್ದಾರೆ.

ಇಂಥ ಪಾಲಿಪ್‌ಗಳಲ್ಲಿ ಹೆಚ್ಚಿನವು ಪಿತ್ತಕೋಶದ ಒಳಗೋಡೆಯಲ್ಲಿ ಕೊಲೆಸ್ಟ್ರಾಲ್ ಶೇಖರವಾಗಿ ಉಂಟಾದವು. ಅವು ಕ್ಯಾನ್ಸರ್ ಆಗುವುದಿಲ್ಲ. ಆದರೆ ಅಪಾಯದ್ದು ಯಾವುದೆಂದು ಸ್ಕ್ಯಾನಿಂಗ್‌ನಲ್ಲಿ ಖಚಿತವಾಗಿ ಗುರುತಿಸಲು ಕಷ್ಟವಾದ್ದರಿಂದ ವೈದ್ಯರು ಮುಖ್ಯವಾಗಿ ಗಾತ್ರವನ್ನು ನೋಡುತ್ತಾರೆ. ಯುರೋಪಿನ ವೈದ್ಯಸಂಘಗಳು 2022ರಲ್ಲಿ ಪರಿಷ್ಕರಿಸಿದ ಜಂಟಿ ಮಾರ್ಗಸೂಚಿಯ ಪ್ರಕಾರ, ಪಾಲಿಪ್ 10 ಮಿ.ಮೀ. ಅಥವಾ ಅದಕ್ಕಿಂತ ದೊಡ್ಡದಿದ್ದರೆ, ಇಲ್ಲವೇ ಬೇರೆ ಕಾರಣ ಕಾಣದ ಹೊಟ್ಟೆನೋವಿದ್ದರೆ, ರೋಗಿಯ ದೇಹಸ್ಥಿತಿ ತಾಳಿಕೊಳ್ಳುವಂತಿದ್ದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸುವುದು ಸೂಕ್ತ. 6ರಿಂದ 9 ಮಿ.ಮೀ. ಇರುವಾಗ ವಯಸ್ಸು 60 ದಾಟಿದೆಯೇ, ಪಾಲಿಪ್ ತೊಟ್ಟಿಲ್ಲದೆ ಗೋಡೆಗೆ ಅಗಲವಾಗಿ ಅಂಟಿದೆಯೇ, ಪಿತ್ತನಾಳದ ದೀರ್ಘಕಾಲೀನ ಉರಿಯೂತವಿದೆಯೇ ಎಂಬ, ಅಪಾಯ ಹೆಚ್ಚಿಸುವ ಅಂಶಗಳನ್ನು ಪರಿಗಣಿಸಬೇಕು. ಏಷ್ಯಾದ ಮೂಲವನ್ನೂ ಆ ಪಟ್ಟಿಗೆ ಸೇರಿಸಿದ್ದಾರೆ. ಹಾಗೆಂದರೆ ನಾವೆಲ್ಲರೂ ಅದರೊಳಗೆ ಬಂದೆವು! ಭಾರತದಲ್ಲಿ ಪಿತ್ತಕೋಶದ ಕ್ಯಾನ್ಸರ್ ಗಂಗಾ ಬಯಲಿನ ಪ್ರದೇಶದಲ್ಲಿ ಹೆಚ್ಚು, ದಕ್ಷಿಣದಲ್ಲಿ ಕಡಿಮೆ ಎಂಬುದನ್ನು ಗಮನಿಸಿದರೆ, ಇಲ್ಲಿ ವೈದ್ಯರ ವಿವೇಚನೆ ಅಗತ್ಯವೆಂದು ತೋರುತ್ತದೆ.

ಅವಸರ ಬೇಡವೆನ್ನಲು ಕಾರಣವಿದೆ. ಪಾಲಿಪನ್ನು ಮಾತ್ರ ತೆಗೆಯುವುದಲ್ಲ, ಲ್ಯಾಪರೋಸ್ಕೋಪಿ (ಹೊಟ್ಟೆಯಲ್ಲಿ ಸಣ್ಣ ರಂಧ್ರ ಮಾಡಿ ನಡೆಸುವ ಶಸ್ತ್ರಚಿಕಿತ್ಸೆ) ಮೂಲಕ ಇಡೀ ಪಿತ್ತಕೋಶವನ್ನೇ ತೆಗೆಯುತ್ತಾರೆ. ಅಪರೂಪಕ್ಕಾದರೂ ಪಿತ್ತನಾಳಕ್ಕೆ ಗಾಯವಾಗುವುದುಂಟು.

ಶಸ್ತ್ರಚಿಕಿತ್ಸೆ ಬೇಡವೆಂದಾದ ಕೆಲವರಿಗೆ ಆರು ತಿಂಗಳು, ಒಂದು ವರ್ಷ ಮತ್ತು ಎರಡು ವರ್ಷಗಳ ಬಳಿಕ ಸ್ಕ್ಯಾನಿಂಗ್ ಮಾಡಿಸಿ ಬೆಳವಣಿಗೆ ನೋಡುವ ಕ್ರಮವಿದೆ. ನಮ್ಮಲ್ಲಿ ತೊಡಕಾಗುವುದು ಇಲ್ಲೇ. ನನ್ನ ಬಂಧುವೊಬ್ಬರ ಮೊದಲ ವರದಿಯಲ್ಲಿ ‘ಸಣ್ಣ ಪಾಲಿಪ್’ ಎಂದಷ್ಟೇ ಇತ್ತು. ಮುಂದೆ ಮಂಗಳೂರಿನಲ್ಲಿ ಮಾಡಿಸಿದಾಗ 7 ಮಿ.ಮೀ. ಎಂದು ಬಂತು. ಅದು ಬೆಳೆದದ್ದೋ, ಮೊದಲೇ ಅಷ್ಟಿದ್ದದ್ದೋ ಎಂದು ವೈದ್ಯರು ಕೇಳಿದರೆ ಉತ್ತರವಿಲ್ಲ.

ಆದ್ದರಿಂದ ಸ್ಕ್ಯಾನಿಂಗ್ ಕೇಂದ್ರದವರು ಪಾಲಿಪ್‌ನ ಅಳತೆಯನ್ನು ಮಿ.ಮೀ.ಗಳಲ್ಲಿ, ಅದರ ಸಂಖ್ಯೆ ಹಾಗೂ ಆಕಾರವನ್ನು ತಪ್ಪದೆ ನಮೂದಿಸಬೇಕು. ಗಡಿಯ ಈಚೆ ಒಂದು, ಆಚೆ ಒಂದು ಎಂದು ಆಸ್ಪತ್ರೆ ಬದಲಿಸುವ ನಾವು ಹಳೆಯ ವರದಿಯನ್ನೂ ಫಿಲ್ಮನ್ನೂ ಜೊತೆಗೆ ಒಯ್ಯಬೇಕು.

– ಓರ್ವ ಓದುಗ, ಬದಿಯಡ್ಕ