ಅರಳುಮರಳು ಎನ್ನುವ ಮೊದಲು

ಪ್ರೀತಿಯ ಸುರೇಶ,

ನಿನ್ನ ಪತ್ರ ಓದಿ ಸಂಕಟವಾಯಿತು. ಸಂಜೆಯಾದರೆ ಅಂಗಳದಲ್ಲಿ ಲಂಗ ತೊಟ್ಟ ಮಕ್ಕಳು ಸಾಲಾಗಿ ನಿಂತಿರುತ್ತಾರೆ ಎಂದು ಅಮ್ಮ ಹೇಳುತ್ತಾರಂತೆ, ಮನೆಯವರೆಲ್ಲ ಅರಳುಮರಳು ಎಂದು ತೀರ್ಮಾನಿಸಿದ್ದಾರಂತೆ. ಅಷ್ಟು ಬೇಗ ಆ ಮಾತು ಬೇಡ. ಅವರ ಎರಡೂ ಕಣ್ಣಿಗೆ ಪೊರೆ ಬಂದು ಎಷ್ಟು ವರ್ಷವಾಯಿತು, ನೆನಪು ಮಾಡಿಕೋ.

ಜಿನೀವಾದ ನಿಸರ್ಗವಿಜ್ಞಾನಿ ಶಾರ್ಲ್ ಬೊನೆ 1760ರಲ್ಲೇ ತನ್ನ ತಾತನ ಬಗ್ಗೆ ಇಂಥದ್ದನ್ನೇ ಬರೆದಿಟ್ಟಿದ್ದಾನೆ. ತೊಂಬತ್ತು ಸಮೀಪಿಸಿದ್ದ ಆ ಹಿರಿಯನಿಗೆ ಪೊರೆಯಿಂದ ದೃಷ್ಟಿ ಮಂಜಾಗಿತ್ತು. ಎದುರಿಗೆ ಗಂಡಸರು, ಹೆಂಗಸರು, ಹಕ್ಕಿಗಳು, ಗಾಡಿಗಳು ಕಾಣುತ್ತಿದ್ದವು. ಅವು ನಿಜವಲ್ಲವೆಂದು ಅವನಿಗೇ ಗೊತ್ತಿತ್ತು, ಬುದ್ಧಿ ಸ್ವಸ್ಥವಾಗಿತ್ತು. ಕಣ್ಣಿನಿಂದ ಸುದ್ದಿ ಬರುವುದು ಕಡಿಮೆಯಾದಾಗ, ನೋಟಕ್ಕೆ ಮೀಸಲಾದ ಮಿದುಳಿನ ಭಾಗ ತಾನೇ ಚಿತ್ರ ಹುಟ್ಟಿಸತೊಡಗುತ್ತದೆ. ಈ ಸ್ಥಿತಿಗೆ ಈಗ ಬೊನೆಯ ಹೆಸರೇ ಇದೆ. ಮಿದುಳಿನ ಕೆಲವು ಕಾಯಿಲೆಗಳಲ್ಲೂ ಹೀಗೆ ಕಾಣಿಸುವುದುಂಟು, ಆದ್ದರಿಂದ ನರರೋಗ ತಜ್ಞರಿಗೂ ತೋರಿಸೋಣ.

ಆದರೆ ಪೊರೆಯ ಆಪರೇಷನ್ನನ್ನು ಇನ್ನು ಮುಂದೂಡಬೇಡ. ಅಮೆರಿಕದ ಸಿಯಾಟಲ್‌ನಲ್ಲಿ ಪೊರೆ ಅಥವಾ ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಇದ್ದ, 65 ದಾಟಿದ 3,038 ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ 2021ರ ಕೊನೆಯಲ್ಲಿ ಪ್ರಕಟವಾಯಿತು. ಪೊರೆ ತೆಗೆಸಿಕೊಂಡವರಲ್ಲಿ ಡಿಮೆನ್ಶಿಯಾದ, ಅಂದರೆ ನೆನಪು, ಬುದ್ಧಿ ಕುಂದುವ ಕಾಯಿಲೆಯ ಅಪಾಯ ಸುಮಾರು ಶೇ 30ರಷ್ಟು ಕಡಿಮೆಯಿತ್ತು. ಗ್ಲಾಕೋಮಾಗೆ ಶಸ್ತ್ರಚಿಕಿತ್ಸೆಯಾದವರಲ್ಲಿ ಈ ವ್ಯತ್ಯಾಸವಿರಲಿಲ್ಲ. ಆ ಚಿಕಿತ್ಸೆ ಹೋದ ದೃಷ್ಟಿಯನ್ನು ಮರಳಿ ತರುವುದಿಲ್ಲ ಎಂಬುದನ್ನು ನೆನೆದರೆ, ಮಿದುಳಿಗೆ ಬೇಕಾದದ್ದು ಬೆಳಕೇ ಎಂದು ನನಗೆ ಅನಿಸುತ್ತದೆ. ಕಾರ್ಯಕಾರಣ ಸಾಬೀತಾಗಿಲ್ಲ, ನಿಜ. ಆದರೂ 2024ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ ಚಿಕಿತ್ಸೆಯಿಲ್ಲದೆ ಉಳಿದ ದೃಷ್ಟಿದೋಷವನ್ನು ಡಿಮೆನ್ಶಿಯಾದ ಅಪಾಯಗಳ ಪಟ್ಟಿಗೆ ಸೇರಿಸಿತು.

ನನ್ನ ಅಮ್ಮನ ವಿಷಯದಲ್ಲಿ ನಾನೂ ತಪ್ಪಿದ್ದೆ. ಅವರು ಪೇಪರ್ ಓದುವುದನ್ನು ಬಿಟ್ಟರು, ಪಕ್ಕದ ಮನೆಗೆ ಹೋಗುವುದನ್ನು ಬಿಟ್ಟರು. ಮೊರದಲ್ಲಿ ಅಕ್ಕಿ ಹರಡಿಕೊಂಡು ಬೆರಳಿನಿಂದ ತಡವಿ ತಡವಿ ಕಲ್ಲು ಹುಡುಕುತ್ತಿದ್ದರು. ನನ್ನನ್ನು ತಮ್ಮನ ಹೆಸರಿನಿಂದ ಕರೆದಾಗಲೆಲ್ಲ ಮರೆವು ಎಂದುಕೊಂಡೆ. ನಮ್ಮಿಬ್ಬರದೂ ಒಂದೇ ದನಿ. ಮುಖ ಕಾಣದೆ ಅವರು ಊಹಿಸುತ್ತಿದ್ದರು ಅಷ್ಟೆ. ಕಣ್ಣಿನ ಪಟ್ಟಿ ಬಿಚ್ಚಿದ ಮರುದಿನ ನಾನು ಬಾಗಿಲಲ್ಲಿ ಬಾಯಿ ತೆರೆಯುವ ಮೊದಲೇ ನನ್ನ ಹೆಸರು ಹಿಡಿದು ಕರೆದರು.

ಶನಿವಾರ ಬರುತ್ತೇನೆ. ಸಕ್ಕರೆ ಮತ್ತು ಬಿಪಿಯ ಹಳೆಯ ಚೀಟಿಗಳು, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳು, ಎಲ್ಲವನ್ನೂ ಒಂದೆಡೆ ಇಟ್ಟಿರು. ಅಲ್ಲಿಯವರೆಗೆ ಮಕ್ಕಳು ಕಂಡರು ಎಂದಾಗ ಅಮ್ಮನನ್ನು ಗದರಬೇಡ. ಲಂಗ ಯಾವ ಬಣ್ಣದ್ದಿತ್ತು ಎಂದು ಪಕ್ಕದಲ್ಲಿ ಕೂತು ಕೇಳು.

ನಿನ್ನ
ರಘು